ಬುಡು ಅಂದದ್ದು ಯಾರಿಗೆ

“ಶಿನೂ?” ಎಂದು ಠಾಣೆಯ ಅಧಿಕಾರಿ ಎರಡನೇ ಸಲ ಅರಬಿಯಲ್ಲಿ ಕೇಳಿದ. ಏನು, ಏನಂತೆ, ಎಂದು. ಅವನ ಕೈಯಲ್ಲಿದ್ದ ಚಹಾದ ಸಣ್ಣ ಗಾಜಿನ ಲೋಟ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ನಡುವೆಯೇ ನಿಂತಿತ್ತು.

ಕಂಪನಿಯ ಪರವಾಗಿ ಭಾಷಾಂತರ ಮಾಡಲು ಬಂದಿದ್ದ ನಿಯಾಝ್ ಕುರ್ಚಿಯನ್ನು ಸ್ವಲ್ಪ ಎಳೆದುಕೊಂಡು ಮಮ್ಮಾಲಿಯ ಕಡೆ ತಿರುಗಿದ.

“ಕಾಕಾ, ಅವರು ಕೇಳುದು ಇಷ್ಟೇ. ಮಿಷನಿನ ಒಳಗೆ ಕೈ ಹಾಕಿದ ಸಿಲ್ವೆಸ್ಟರ್ ನಿಮಗೆ ಎಂತ ಹೇಳಿದ್ದು?”

“ಬುಡು ಅಂತ.”

“ಅದು ನನಗೆ ಗೊತ್ತುಂಟು. ಅವರಿಗೆ ಗೊತ್ತಾಗ್ಬೇಕಲ್ಲ. ಅರ್ಥ ಹೇಳಿ.”

ಮಮ್ಮಾಲಿ ತನ್ನ ಚಪ್ಪಲಿಯ ತುದಿಯನ್ನು ನೋಡಿದ. ಅರ್ಥ ಹೇಳುವುದು ಮದ್ರಸದ ಉಸ್ತಾದರ ಕೆಲಸ. ಶಾಲೆಯಲ್ಲಿ ಮಗ್ಗಿ ಮುಗಿಯುವ ಮೊದಲೇ ಬೀಡಿ ಕಟ್ಟುವ ಮೊರದ ಮುಂದೆ ಕುಳಿತವನು ಅವನು. ಮಾತನ್ನು ಆಡಿ ಗೊತ್ತೇ ಹೊರತು ಬಿಡಿಸಿ ನೋಡಿ ಗೊತ್ತಿರಲಿಲ್ಲ. ಈಗ ಈ ಎಸಿಯ ಕೋಣೆಯಲ್ಲಿ, ತಲೆ ಮೇಲೆ ಕುವೈತಿನ ಅಮೀರರ ಪಟ ನೇತು ಹಾಕಿದಲ್ಲಿ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳುವ ಒಂದು ಮಾತನ್ನು ಮೇಜಿನ ಮೇಲೆ ಇಟ್ಟು ಇದರ ಹೊಟ್ಟೆಯಲ್ಲಿ ಏನಿದೆ ಹೇಳು ಎನ್ನುತ್ತಿದ್ದಾರೆ.

ಕನ್ನಡದಲ್ಲಿ ಬಿಡು ಎಂದರೆ ತುಳುವಿನಲ್ಲಿ ಬುಡು. ಬ್ಯಾರಿಯಾದ ಮಮ್ಮಾಲಿಗೂ ಕಿನ್ನಿಗೋಳಿಯ ಕ್ರಿಶ್ಚಿಯನ್ ಸಿಲ್ವೆಸ್ಟರನಿಗೂ ಮನೆಯ ಮಾತು ಬೇರೆ ಬೇರೆ. ನಡುವೆ ಇದ್ದದ್ದು ತುಳು. ನೀರು ಬುಡು, ಬಸ್ ಬುಡು, ಕರೆಂಟ್ ಬುಡು ಎಂದರೆ ಹರಿಸು, ಹೊರಡಿಸು. ಕೈ ಬುಡು, ಜಗಳ ಬುಡು, ಅವನನ್ನು ಬುಡು ಎಂದರೆ ನಿಲ್ಲಿಸು, ಮುಟ್ಟಬೇಡ. ಊರಿನಲ್ಲಿ ಈ ಮಾತು ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. ಹೇಳುವವನ ಮುಖ ಎದುರಿಗೆ ಇರುತ್ತಿತ್ತು. ಪ್ಲಕ್ಕರಿನ ಮುಚ್ಚಳದ ಹಿಂದೆ ಬಗ್ಗಿದವನ ಮುಖ ಮಾತ್ರ ಕಾಣುವುದಿಲ್ಲ.

ಪ್ಲಕ್ಕರ್ ಎಂದರೆ ಪುಕ್ಕ ಕೀಳುವ ಮಿಷನ್. ಕೋಳಿ ಫ್ಯಾಕ್ಟರಿ ಇದ್ದದ್ದು ಸಿಟಿಯಿಂದ ಬಹಳ ಹೊರಗೆ, ಇರಾಕಿನ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ. ಆ ವರ್ಷ ಅಮೆರಿಕದ ಸೈನ್ಯದ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ಅದೇ ದಾರಿಯಲ್ಲಿ ಹೋಗುತ್ತಿದ್ದವು. ಅವು ಎಬ್ಬಿಸಿದ ಧೂಳು ಫ್ಯಾಕ್ಟರಿಯ ತಗಡಿನ ಮೇಲೆ ಕೂತು, ತಗಡು ಯಾವ ಬಣ್ಣದ್ದೆಂದು ಮರೆತೇ ಹೋಗಿತ್ತು. ಮಮ್ಮಾಲಿ ಅಲ್ಲಿಗೆ ಬಂದದ್ದು ಕೊಯ್ಯುವ ಕೆಲಸಕ್ಕೆ. ಒಂದೊಂದು ಕೋಳಿಗೂ ಬಿಸ್ಮಿಲ್ಲಾ ಹೇಳಿ ಕೊಯ್ಯಬೇಕು. ಹೇಳಿ ಹೇಳಿ ಗಂಟಲು ಒಣಗಿದ್ದನ್ನು ಸಹಿಸಿದ. ಕೊಯ್ದು ಕೊಯ್ದು ಮಣಿಕಟ್ಟು ಊದಿ, ಊಟದ ತುತ್ತು ಎತ್ತುವುದಕ್ಕೂ ಆಗದೆ ಹೋದಾಗ ಅವನನ್ನು ಪ್ಲಕ್ಕರಿನ ಸ್ವಿಚ್ಚಿನ ಬಳಿ ನಿಲ್ಲಿಸಿದರು. ಕೆಂಪು ಗುಂಡಿಯನ್ನು ಒತ್ತಿದರೆ ನಿಲ್ಲುತ್ತದೆ, ತಿರುಗಿಸಿ ಬಿಟ್ಟರೆ ಓಡುತ್ತದೆ. ಅಷ್ಟೇ ಕೆಲಸ.

ಕೋಳಿಗಳು ಕಾಲು ಮೇಲಾಗಿ ಕೊಂಡಿಯಲ್ಲಿ ನೇತಾಡುತ್ತ, ಬಿಸಿನೀರಿನಲ್ಲಿ ಮುಳುಗಿ ಬಂದು, ಮಿಷನಿನ ಹೊಟ್ಟೆಯೊಳಗೆ ಹೋಗುತ್ತವೆ. ಒಳಗೆ ಎರಡೂ ಕಡೆ ಗರಗರ ತಿರುಗುವ ತಟ್ಟೆಗಳು, ತಟ್ಟೆಯ ತುಂಬ ಕಪ್ಪು ರಬ್ಬರಿನ ಬೆರಳುಗಳು. ಆ ಬೆರಳುಗಳು ಪುಕ್ಕವನ್ನು ಸವರಿ ತೆಗೆಯುತ್ತವೆ. ರಬ್ಬರ್ ತುಂಡಾದರೆ ಬದಲಿಸುವವನು, ಕೋಳಿ ಸಿಕ್ಕಿಕೊಂಡರೆ ಬಿಡಿಸುವವನು ಸಿಲ್ವೆಸ್ಟರ್. ಕೆಲಸ ಮಾಡುವಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಿಷನಿಗೆ ಬೈಯುತ್ತಿದ್ದ, ಕೋಳಿಗೆ ಬುದ್ಧಿ ಹೇಳುತ್ತಿದ್ದ.

“ಪೊರ್ಬುಗಳೇ, ಸತ್ತ ಕೋಳಿಗೆ ಎಂತ ಉಪದೇಶ ಮಾಡುದು ನೀವು?” ಎಂದು, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆಯೇ ಕರೆದು, ಮಮ್ಮಾಲಿ ಕೆಣಕುತ್ತಿದ್ದ.

“ಬದುಕಿರುವಾಗ ನೀವು ಬಿಸ್ಮಿಲ್ಲಾ ಹೇಳಿ ಕಳಿಸ್ತೀರಿ ಬ್ಯಾರಿಗಳೇ. ಸತ್ತ ಮೇಲಿನ ವಿಚಾರಣೆ ನಮ್ಮದು” ಎನ್ನುತ್ತಿದ್ದ ಸಿಲ್ವೆಸ್ಟರ್.

ಆ ಮಿಷನಿನ ಮುಚ್ಚಳಕ್ಕೆ ಒಂದು ಸಣ್ಣ ಸ್ವಿಚ್ಚು ಇತ್ತು. ಮುಚ್ಚಳ ತೆರೆದಿರುವವರೆಗೆ, ಯಾರು ಏನು ಮಾಡಿದರೂ ತಟ್ಟೆ ತಿರುಗಬಾರದು ಎಂದು ಮಾಡಿಟ್ಟದ್ದು. ಪುಕ್ಕ ಅಂಟಿ ಅಂಟಿ ಅದು ಸರಿಯಾಗಿ ಕೂರುವುದನ್ನು ನಿಲ್ಲಿಸಿತು. ಮುಚ್ಚಳ ಮುಚ್ಚಿದ್ದರೂ ಲೈನ್ ನಿಂತುಬಿಡುತ್ತಿತ್ತು. ಎದುರಿಗೆ ರಂಝಾನ್, ಇಡೀ ಕುವೈತಿಗೆ ಕೋಳಿ ಬೇಕು. ಮಂಗಳೂರಿನವನೇ ಆದ ಸೂಪರ್‌ವೈಸರ್ ಜೇಮ್ಸ್ ತಲೆ ಚಚ್ಚಿಕೊಂಡು ಬಂದ.

“ಒಂದು ತಂತಿ ಹಾಕಿ ಟೈಟ್ ಮಾಡು ಮಾರಾಯಾ. ಸ್ವಿಚ್ ಒತ್ತಿಕೊಂಡೇ ಇರ್ಲಿ. ರಂಝಾನ್ ಕಳೀಲಿ, ಹೊಸತು ತರಿಸ್ತೇನೆ.”

ತಂತಿ ತರಲು ಮಮ್ಮಾಲಿಯೂ ಸಿಲ್ವೆಸ್ಟರನೂ ಸ್ಟೋರಿಗೆ ಹೋದರು. ಸ್ಟೋರಿನಲ್ಲಿದ್ದ ಮಿಸ್ರಿ, ಈಜಿಪ್ಟಿನವನು, “ಸಿಲ್ಕ್? ಸಿಲ್ಕ್?” ಎಂದು ಕೇಳಿದ. ಸಿಲ್ವೆಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಬ್ಯಾರಿಗಳೇ, ಸೀರೆ ಬೇಕಾ ಅಂತ ಕೇಳ್ತಾನೆ, ಹೇಳಿ, ಬಾರ್ಡರ್ ಇರುದು ಕೊಡು ಅಂತ.” ಅರಬಿಯಲ್ಲಿ ತಂತಿಗೆ ಸಿಲ್ಕ್ ಎನ್ನುತ್ತಾರೆಂದು ಮಮ್ಮಾಲಿ ಕಲಿತದ್ದು ಹಾಗೆ. ಇಕ್ಕಳ ಹಿಡಿದು, ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಒತ್ತಿಕೊಂಡು, ಆ ತಂತಿಯನ್ನು ಸುತ್ತಿ ತಿರುಚಿದವನೂ ಅವನೇ. ರಂಝಾನ್ ಕಳೆಯಿತು, ಈದ್ ಕಳೆಯಿತು. ಹೊಸ ಸ್ವಿಚ್ಚು ಬರಲಿಲ್ಲ. ಎಲ್ಲರ ಕಣ್ಣಿಗೂ ತಂತಿ ಮಿಷನಿನ ಜೊತೆಗೇ ಹುಟ್ಟಿದ್ದೆಂಬಂತೆ ಆಯಿತು.

ಆ ದಿನ ಕೋಳಿಯೊಂದು ಒಳಗೆ ಸಿಕ್ಕಿಕೊಂಡಿತು. ಮಮ್ಮಾಲಿ ಕೆಂಪು ಗುಂಡಿ ಒತ್ತಿದ. ಸಿಲ್ವೆಸ್ಟರ್ ಮುಚ್ಚಳ ಎತ್ತಿ, ಭುಜದವರೆಗೆ ಕೈ ಹಾಕಿ, ಒಳಗೆ ಏನೋ ಗೊಣಗುತ್ತಿದ್ದ. ಜೇಮ್ಸ್ ಆಚೆಯಿಂದ, “ಯಲ್ಲಾ, ಯಲ್ಲಾ!” ಎಂದು ಅವಸರಪಡಿಸಿ ಕೂಗಿದ. ಆಗ ಮುಚ್ಚಳದ ಹಿಂದಿನಿಂದ ಕೇಳಿಸಿತು, ಜೋರಾಗಿ: “ಬುಡು!”

ಮಮ್ಮಾಲಿ ಗುಂಡಿಯನ್ನು ತಿರುಗಿಸಿ ಬಿಟ್ಟ.

ಜಾಬ್ರಿಯಾದ ಆಸ್ಪತ್ರೆಗೆ ಅವನು ಹೋದದ್ದು ಅದರ ನಂತರದ ಶುಕ್ರವಾರ. ಸಿಲ್ವೆಸ್ಟರನ ಬಲಗೈ ಬಿಳಿ ಬಟ್ಟೆಯಲ್ಲಿ ದೊಡ್ಡ ಗಂಟಾಗಿ ಎದೆಯ ಮೇಲೆ ಇತ್ತು. ಒಳಗೆ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ ಎಂದು ನರ್ಸ್ ಹೇಳಿದ್ದಳು. ಹಾಸಿಗೆಯ ಬದಿಗೆ ಅವನ ಹೆಂಡತಿ ಮೊಲ್ಲಿ ಕುಳಿತಿದ್ದಳು. ರುಮೈಥಿಯಾದ ಒಂದು ಅರಬಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳದ್ದು. ಮೇಡಮ್ ಸ್ವಲ್ಪ ಹೊತ್ತಿಗೆ ಬಿಟ್ಟಿದ್ದಳು. ಮಮ್ಮಾಲಿಯನ್ನು ನೋಡಿ ಅವಳು ಎದ್ದು ನಿಲ್ಲಲಿಲ್ಲ.

“ಬನ್ನಿ ಬ್ಯಾರಿಗಳೇ. ಸಾರು ತಂದಿದ್ದೇನೆ, ನೀವೇ ಕುಡಿಸ್ತೀರಾ? ಇನ್ನು ಇವರಿಗೆ ಯಾರಾದ್ರೂ ಕುಡಿಸ್ಬೇಕಲ್ಲ.”

“ಮೊಲ್ಲಿ ಬಾಯಮ್ಮಾ...”

“ನಿಮ್ಗೆ ಕಿವಿ ಇಲ್ವಾ, ಕಣ್ಣಿಲ್ವಾ? ಎರಡೂ ಇದ್ದು ಹೇಗೆ ಬಿಟ್ರಿ?”

“ಮೊಲ್ಲಿ, ಸುಮ್ಮನಿರು” ಎಂದ ಸಿಲ್ವೆಸ್ಟರ್. ನೋವಿನ ಮದ್ದಿನಿಂದ ಅವನ ನಾಲಗೆ ದಪ್ಪವಾಗಿತ್ತು.

ಮಮ್ಮಾಲಿ ಹಾಸಿಗೆಯ ಕಬ್ಬಿಣವನ್ನು ಹಿಡಿದುಕೊಂಡ. ಕೊನೆಗೆ ಕೇಳಿದ. “ಪೊರ್ಬುಗಳೇ, ಅದೊಂದು ಹೇಳಿ ನನಗೆ. ನೀವು ಬುಡು ಅಂದದ್ದು ಮಿಷನ್ ಬುಡು ಅಂತಲಾ? ಮುಟ್ಟಬೇಡ, ಬುಡು, ಅಂತಲಾ?”

ಸಿಲ್ವೆಸ್ಟರ್ ಛಾವಣಿ ನೋಡಿದ. ಅವನ ತುಟಿಯ ಮೂಲೆಯಲ್ಲಿ ಸಣ್ಣ ನಗು ಬಂದು, ನಾಚಿಕೆಪಟ್ಟುಕೊಂಡಂತೆ ಅಲ್ಲೇ ನಿಂತಿತು.

“ನಿಮಗೆ ಹೇಳಿದ್ದೇ ಅಲ್ಲ ಮಾರಾಯ್ರೇ.”

“ಮತ್ತೆ?”

“ಕೋಳಿಗೆ. ಅದರ ಕಾಲು ಕೊಂಡಿಗೆ ಸಿಕ್ಕಿಕೊಂಡಿತ್ತು. ಎಳೆದ್ರೂ ಬರುದಿಲ್ಲ. ಸಿಟ್ಟು ಬಂತು. ಬುಡು ಶನಿಯೇ, ಅಂದೆ.”

“ಕೋಳಿಗಾ?” ಎಂದ ಮಮ್ಮಾಲಿ.

“ಕೋಳಿಗೆ.”

ಮೊಲ್ಲಿ ಒಮ್ಮೆ ಗಂಡನ ಮುಖ, ಒಮ್ಮೆ ಮಮ್ಮಾಲಿಯ ಮುಖ ನೋಡಿದಳು. “ಅಯ್ಯೋ ದೇವರೇ, ಇವರ ಬಾಯಿ!” ಎಂದು ಹಣೆ ಬಡಿದುಕೊಂಡಳು. ಸಿಲ್ವೆಸ್ಟರನಿಗೆ ನಗು ತಡೆಯಲಿಲ್ಲ. ನಕ್ಕ ರಭಸಕ್ಕೆ ಕೈ ಅಲುಗಿ, ನಗು ಅರ್ಧದಲ್ಲಿ ನರಳಾಟವಾಯಿತು. ಮಮ್ಮಾಲಿ ಅವನ ಎಡಗೈಯನ್ನು ಹಿಡಿದುಕೊಂಡು ನಿಂತ. ನರ್ಸ್ ಬಂದು ಹೊರಗೆ ಕಳಿಸುವವರೆಗೂ ನಿಂತಿದ್ದ.

ಹೊರಗಿನ ಮೆಟ್ಟಿಲ ಹತ್ತಿರ ಮೊಲ್ಲಿ ಹಿಂದಿನಿಂದ ಬಂದಳು. ಈಗ ಅವಳ ದನಿ ತಗ್ಗಿತ್ತು. “ಅವರದ್ದೇ ತಪ್ಪು ಅಂತ ಬರೆದ್ರೆ, ಗಾಯ ಒಣಗುವ ಮೊದಲೇ ಊರಿಗೆ ಕಳಿಸ್ತಾರಂತೆ. ಇನ್ನೊಂದು ಆಪರೇಷನ್ ಉಂಟಂತೆ, ಅದೂ ಇಲ್ಲ, ಎಂತದೂ ಇಲ್ಲ. ನೋಡಿದವರು ನೀವೊಬ್ರೇ. ಕೋಳಿಗೆ ಹೇಳಿದ್ದು ಅಂದ್ರೆ ಆ ಅರಬಿ ನಗಾಡ್ಬಹುದು, ನಂಬ್ಲಿಕ್ಕಿಲ್ಲ.” ಅವಳು ಸೆರಗಿಲ್ಲದ ಕೆಲಸದ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡು ಬಸ್ಸಿನ ಕಡೆ ಹೋದಳು.

ಈ ದಿನ ಬೆಳಿಗ್ಗೆ ಠಾಣೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತ ನಿಯಾಝ್ ಎಲ್ಲವನ್ನೂ ಹೇಳಿ ಮುಗಿಸಿದ್ದ. ಅವನು ಮಮ್ಮಾಲಿಯ ಊರಿನವನೇ, ಮಮ್ಮಾಲಿಗೆ ವೀಸಾ ಮಾಡಿಕೊಟ್ಟ ಅಲಿಕುಂಞಿ ಹಾಜಿಯ ಅಳಿಯ. ಕಲಿತವನು, ಅರಬಿ ನೀರಿನಂತೆ ಬರುತ್ತದೆ. ಕೆಟ್ಟವನಲ್ಲ.

“ಮಿಷನ್ ಬಿಡು ಅಂತ ಅವನೇ ಹೇಳಿದ ಅನ್ನಿ ಕಾಕಾ. ಸುಳ್ಳೂ ಅಲ್ಲ ಅದು, ಮಾತಿಗೆ ಆ ಅರ್ಥವೂ ಉಂಟಲ್ಲ. ನಾಳೆಯೇ ಪಾಸ್‌ಪೋರ್ಟ್ ನಿಮ್ಮ ಕೈಗೆ. ಹಫೀಝಾಳ ನಿಕಾಹ್‌ಗೆ ನೀವು ಊರಲ್ಲಿ ಇರ್ತೀರಿ.”

“ಇಲ್ಲದಿದ್ರೆ?”

“ನಿಲ್ಲಿಸು ಅಂದ, ನಾನು ಓಡಿಸಿದೆ, ಅಂತ ಹೇಳ್ತೀರಾ? ತಪ್ಪು ನಿಮ್ಮ ತಲೆಗೆ ಬರ್ತದೆ. ಕೇಸ್ ಮುಗಿಯುವ ತನಕ ದೇಶ ಬಿಟ್ಟು ಹೋಗುವ ಹಾಗಿಲ್ಲ. ಇಲ್ಲಿ ಕೇಸ್ ಯಾವಾಗ ಮುಗಿಯುದು ಅಂತ ಯಾರಿಗೆ ಗೊತ್ತು? ಮಗಳ ನಿಕಾಹ್‌ಗೆ ಫೋನಿನಲ್ಲಿ ಸಲಾಂ ಹೇಳ್ಬೇಕಷ್ಟೆ.”

ಮಮ್ಮಾಲಿ ಕಿಟಕಿಯ ಹೊರಗೆ ನೋಡಿದ. ಮರಳು, ವಿದ್ಯುತ್ ಕಂಬ, ಮರಳು. ಮದುಮಗನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮಗಳನ್ನು ಒಪ್ಪಿಸಿಕೊಡುವವನು ತಂದೆ. ಆ ಒಂದು ಕೆಲಸಕ್ಕಾಗಿಯೇ ಹಿಂದಿನ ರಜೆಯನ್ನೂ ಅವನು ತೆಗೆದುಕೊಳ್ಳದೆ ಉಳಿಸಿದ್ದ.

“ಮತ್ತೆ ತಂತಿ? ಆ ತಂತಿಯ ಸುದ್ದಿ?” ಎಂದು ಕೇಳಿದ.

“ಅದನ್ನು ಯಾರೂ ಕೇಳುದಿಲ್ಲ. ಕೇಳದ್ದನ್ನು ಹೇಳ್ಲಿಕ್ಕೆ ಹೋಗ್ಬೇಡಿ.” ಸ್ವಲ್ಪ ದೂರ ಹೋದ ಮೇಲೆ ನಿಯಾಝ್ ರಸ್ತೆಯ ಮೇಲಿನ ಕಣ್ಣನ್ನು ತೆಗೆಯದೆ ಹೇಳಿದ. “ನನ್ನ ಪಾಸ್‌ಪೋರ್ಟೂ ಕಂಪನಿಯ ಅದೇ ಕಪಾಟಿನಲ್ಲಿ ಉಂಟು ಕಾಕಾ. ನಾನು ಕೋಟು ಹಾಕಿದ್ದೇನೆ ಅಂತ ಬೇರೆ ಕಪಾಟಿಲ್ಲ.”

ಅದನ್ನೇ ನೆನೆಯುತ್ತ ಮಮ್ಮಾಲಿ ಈಗ ಅಧಿಕಾರಿಯ ಮುಂದೆ ಕುಳಿತಿದ್ದ. ಹೀಗೆ ಹೇಳಿದರೆ ಸಿಲ್ವೆಸ್ಟರ್ ಕೆಟ್ಟ, ಹಾಗೆ ಹೇಳಿದರೆ ತಾನು ಕೆಟ್ಟ. ಕೋಳಿಗೆ ಹೇಳಿದ ಒಂದು ಮಾತನ್ನು ಇಬ್ಬರ ಕುತ್ತಿಗೆಗೆ ಹಗ್ಗದಂತೆ ಹಾಕಿ, ಯಾರ ಕಡೆ ಎಳೆಯಲಿ ಎಂದು ಕೇಳುತ್ತಿದ್ದಾರೆ. ಮುಚ್ಚಳ ತೆರೆದಿತ್ತಲ್ಲ? ತೆರೆದ ಮುಚ್ಚಳದ ಮಿಷನು ಬುಡು ಅಂದರೂ ಓಡಬಾರದು, ಬೇಡ ಅಂದರೂ ಓಡಬಾರದು. ಅದನ್ನು ಯಾರೂ ಕೇಳುತ್ತಿಲ್ಲ.

ಅವನು ತಲೆ ಎತ್ತಿದ. “ನಿಯಾಝ್, ಹೇಳು ಅವರಿಗೆ. ಮಾತಿನ ಅರ್ಥ ನನಗೆ ಗೊತ್ತಿಲ್ಲ. ಮುಚ್ಚಳದ ಸ್ವಿಚ್ಚಿಗೆ ತಂತಿ ಕಟ್ಟಿತ್ತು. ಹಾಗಾಗಿ ಮುಚ್ಚಳ ತೆರೆದರೂ ಮಿಷನ್ ಓಡಿತು. ಇದನ್ನು ಹೇಳು.”

ನಿಯಾಝ್ ಅಧಿಕಾರಿಯ ಕಡೆ ತಿರುಗಿ ಅರಬಿಯಲ್ಲಿ ಮಾತಾಡಿದ. ಉದ್ದಕ್ಕೆ, ನಯವಾಗಿ ಮಾತಾಡಿದ. ಮಮ್ಮಾಲಿ ಕಿವಿಯನ್ನೆಲ್ಲ ಅಲ್ಲಿಗೇ ಕೊಟ್ಟು ಕೂತ. ಮಿಷನಿಗೆ ಹೇಳುವ ಮಕೀನಾ ಬಂತು. ಸಿಲ್ವೆಸ್ಟರನ ಹೆಸರು ಬಂತು. ಮಿಸ್ಕೀನ್ ಎಂಬ ಮಾತು ಬಂತು, ಪಾಪದವನು ಎಂದು. ಅದು ತನ್ನ ಬಗ್ಗೆಯೇ ಇರಬೇಕು. ನಿಯಾಝ್ ಮಾತು ಮುಗಿಸಿದ. ಅಧಿಕಾರಿ ಲೋಟವನ್ನು ಕೆಳಗಿಟ್ಟು ಪೆನ್ನು ಎತ್ತಿಕೊಂಡ.

ಒಂದು ಮಾತು ಬಂದಿರಲಿಲ್ಲ.

“ಸಿಲ್ಕ್” ಎಂದ ಮಮ್ಮಾಲಿ.

ಅಧಿಕಾರಿ ಪೆನ್ನು ನಿಲ್ಲಿಸಿದ. “ಶಿನೂ?”

“ಸಿಲ್ಕ್. ಮಕೀನಾ, ಸಿಲ್ಕ್.” ಮಮ್ಮಾಲಿ ಎಡಗೈಯ ತೋರುಬೆರಳನ್ನು ನೆಟ್ಟಗೆ ಹಿಡಿದು, ಬಲಗೈಯಿಂದ ಅದಕ್ಕೆ ಕಾಣದ ತಂತಿಯೊಂದನ್ನು ಸುತ್ತಿದ, ಸುತ್ತಿ ತಿರುಚಿದ. ಮಣಿಕಟ್ಟು ಚುರುಕ್ಕೆಂದಿತು.

“ಕಾಕಾ, ಬೇಡ” ಎಂದ ನಿಯಾಝ್ ತಗ್ಗಿದ ದನಿಯಲ್ಲಿ.

ಅಧಿಕಾರಿ ನಿಯಾಝನ ಕಡೆ ನೋಡಲೇ ಇಲ್ಲ. ಮುಂದಕ್ಕೆ ಬಗ್ಗಿ ಮಮ್ಮಾಲಿಯನ್ನೇ ಕೇಳಿದ. “ಮಿನ್?” ಯಾರು, ಎಂದು.

ಮದ್ರಸದಲ್ಲಿ ಬೆತ್ತದ ಪೆಟ್ಟು ತಿಂದು ಕಲಿತ ಅರಬಿಯಲ್ಲಿ ಮಮ್ಮಾಲಿಗೆ ಇಷ್ಟು ಗೊತ್ತಿತ್ತು. ಜೇಮ್ಸ್ ಎನ್ನಬಹುದಿತ್ತು. ಕಟ್ಟು ಎಂದವನು ಅವನು. ಆದರೆ ಬೆರಳು ಇನ್ನೂ ತನ್ನ ಕೈಯೊಳಗೇ ಇತ್ತು, ತಿರುಚಿದ ಹಾಗೆಯೇ.

“ಅನಾ” ಎಂದ. ನಾನು. “ಜೇಮ್ಸ್ ಗೂಲ್, ಅನಾ ಸಿಲ್ಕ್.” ಜೇಮ್ಸ್ ಹೇಳಿದ, ತಂತಿ ಕಟ್ಟಿದ್ದು ನಾನು, ಎಂದು.

ಅಧಿಕಾರಿ ಎದ್ದು ಟೊಪ್ಪಿ ತೆಗೆದುಕೊಂಡ. “ಯಲ್ಲಾ” ಎಂದ. “ಮಕೀನಾ.”

ಅಧಿಕಾರಿಯ ಜೀಪು ಮುಂದೆ, ನಿಯಾಝನ ಕಾರು ಹಿಂದೆ. ಹೆದ್ದಾರಿಗೆ ಬಂದ ಮೇಲೆ ಲಾರಿಗಳ ಸಾಲು ಅಡ್ಡ ಬಂದು ಜೀಪೂ ಕಾರೂ ಎರಡೂ ನಿಂತವು. ನಿಯಾಝ್ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದ. ಆಮೇಲೆ ಮೊಬೈಲ್ ತೆಗೆದು ಕಿವಿಗೆ ಹಿಡಿದ. ಮಾತಾಡಿದ್ದು ಅರಬಿಯಲ್ಲಿ, ಗಡಿಬಿಡಿಯಲ್ಲಿ; ಆಚೆ ಕಡೆ ಮ್ಯಾನೇಜರ್ ಇರಬೇಕು. ಆ ಮಾತಿನ ನಡುವೆ ಮಮ್ಮಾಲಿಗೆ ಸ್ಪಷ್ಟವಾಗಿ ಕೇಳಿಸಿತು: ಸಿಲ್ಕ್.

ನಿಯಾಝ್ ಫೋನ್ ಇಟ್ಟ. ಕನ್ನಡಿಯಲ್ಲಿ ಇಬ್ಬರ ಕಣ್ಣು ಸೇರಿದವು.

“ಆ ಮಾತು ನಿನಗೂ ಗೊತ್ತುಂಟಲ್ಲ ಮೋನೇ” ಎಂದ ಮಮ್ಮಾಲಿ, ಮಗನನ್ನು ಕರೆಯುವಂತೆ.

ಲಾರಿಗಳು ಹೋಗುತ್ತಲೇ ಇದ್ದವು.

ಫ್ಯಾಕ್ಟರಿಯಲ್ಲಿ ಲೈನ್ ಓಡುತ್ತಿತ್ತು. ಜೇಮ್ಸ್ ಒಗೆದ ಬಿಳಿ ಕೋಟು ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದ. ಸಿಲ್ವೆಸ್ಟರನ ಜಾಗದಲ್ಲಿ ಹೊಸ ನೇಪಾಳಿಯೊಬ್ಬ ನಿಂತಿದ್ದ. ಅಧಿಕಾರಿ ಪ್ಲಕ್ಕರಿನ ಹತ್ತಿರ ಹೋಗಿ ಬೆರಳು ತೋರಿಸಿದ. ಜೇಮ್ಸ್ ತಾನೇ ಮುಚ್ಚಳವನ್ನು ಎತ್ತಿದ. ತಟ್ಟೆಗಳು ಅಲ್ಲಿಗೇ ನಿಂತವು. ಮೇಲಿನ ಸರಪಳಿಯೂ ನಿಂತು, ಕೊಂಡಿಯ ಕೋಳಿಗಳು ಒಂದಕ್ಕೊಂದು ತಾಗಿ ತೂಗಿದವು. ಜೇಮ್ಸ್ ಎರಡೂ ಕೈ ಅಗಲಿಸಿದ, ನೋಡಿ ಸರ್, ಎನ್ನುವಂತೆ.

ಸ್ವಿಚ್ಚು ತೊಳೆದು ಹೊಳೆಯುತ್ತಿತ್ತು. ತಂತಿ ಇರಲಿಲ್ಲ.

ಅಧಿಕಾರಿ ಮಮ್ಮಾಲಿಯ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿ ಬೇರೆಯವರ ಮನೆಯ ಬಾಗಿಲು ತಟ್ಟಿದವನ ಬೇಸರವಿತ್ತು. ಮಿಷನಿನ ಮೇಲೆ ಇಕ್ಕಳವೊಂದು ಒದ್ದೆಯಾಗಿ ಬಿದ್ದಿತ್ತು. ನೇಪಾಳಿ ಯಾರನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಒಮ್ಮೆ, ಒಂದೇ ಒಮ್ಮೆ, ಕಾಲ ಬುಡದ ಚರಂಡಿಗೆ ಹೋಗಿ ಬಂತು.

ಮಿಷನಿನಿಂದ ಉದುರಿದ ಪುಕ್ಕವನ್ನೆಲ್ಲ ನೀರು ಆ ಚರಂಡಿಯಲ್ಲಿ ಹೊರಗೆ ಒಯ್ಯುತ್ತದೆ, ಗೋಡೆಯ ಆಚೆಗಿನ ಕಬ್ಬಿಣದ ಜಾಲರಿಯವರೆಗೆ. ಅಲ್ಲಿ ಅದು ರಾಶಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಗೋರಿ ತೆಗೆಯುತ್ತಾರೆ. ಮಮ್ಮಾಲಿ ಚರಂಡಿಯ ಪಕ್ಕದಲ್ಲೇ ನಡೆದು ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ಬಿಸಿಲು ಕಣ್ಣಿಗೆ ಹೊಡೆಯಿತು. ಜಾಲರಿಯ ಮುಂದೆ ಒದ್ದೆ ಪುಕ್ಕದ ಗುಡ್ಡೆ ಹಬೆಯಾಡುತ್ತ, ನಾತ ಬೀರುತ್ತ ಬಿದ್ದಿತ್ತು. ಅವನು ಅಂಗಿಯ ತೋಳು ಮಡಚಿ ಮೊಣಕಾಲೂರಿ ಕೂತ.

ಅಧಿಕಾರಿ ಬಾಗಿಲಿಗೆ ಬಂದು ಮೂಗಿಗೆ ಕರವಸ್ತ್ರ ಹಿಡಿದ. ಹೋಗಲಿಲ್ಲ. ಜೇಮ್ಸ್ ಬಗ್ಗಿ ಮಮ್ಮಾಲಿಯ ಕಿವಿಯ ಹತ್ತಿರ ತುಳುವಿನಲ್ಲಿ ಹೇಳಿದ. “ಎಂತ ಹುಡುಕುದು ಮಾರಾಯಾ? ಸಿಕ್ಕಿದ್ರೆ ಯಾರು ಒಳಗೆ ಹೋಗುದು? ಕಟ್ಟಿದ್ದು ನೀನು.”

ಮಮ್ಮಾಲಿ ಬೊಗಸೆ ಬೊಗಸೆ ಪುಕ್ಕ ತೆಗೆದು ಬದಿಗೆ ಹಾಕಿದ. ಅದು ಕೈಗೆ, ಮಣಿಕಟ್ಟಿಗೆ, ಗಡ್ಡಕ್ಕೆ ಅಂಟಿಕೊಂಡಿತು. ಒಳಗಿನಿಂದ ನೀರು ಇನ್ನಷ್ಟು ತಂದು ಹಾಕುತ್ತಿತ್ತು. ಯಾರೋ ಲೈನನ್ನು ಮತ್ತೆ ಶುರು ಮಾಡಿದ್ದರು. ನಿಯಾಝ್ ಗೋಡೆಯ ನೆರಳಿನಲ್ಲಿ ನಿಂತಿದ್ದ. ಅವನ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಅವನು ತೆಗೆಯಲಿಲ್ಲ.

ಜಾಲರಿಯ ತಳದ ಹತ್ತಿರ ಏನೋ ಬೆರಳಿಗೆ ಚುಚ್ಚಿತು. ಕೋಳಿಯ ಉಗುರೋ, ಮುರಿದ ಎಲುಬೋ, ತಂತಿಯ ತುದಿಯೋ, ಮೇಲಕ್ಕೆ ತೆಗೆಯುವವರೆಗೆ ತಿಳಿಯುವಂತಿರಲಿಲ್ಲ. ಮಮ್ಮಾಲಿ ಆ ಬಿಸಿ ನೀರಿನೊಳಗೆ ಅದನ್ನು ಬೆರಳುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡ.